ಎಪ್ಪತ್ತೆರಡನೆಯ ಗರಿ

ಸೋಮವಾರಪೇಟೆಯಿಂದ ಮಡಿಕೇರಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಕೂತು ಶಶಿಧರ ತನ್ನ ಪ್ರಬಂಧದಲ್ಲಿ ಇನ್ನೂ ಎಲ್ಲೆಲ್ಲಿ 'ಪ' ಉಳಿದಿದೆ ಎಂದು ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದ. ಐವತ್ತಮೂರು ವರ್ಷದ ಕನ್ನಡ ಅಧ್ಯಾಪಕ, ಎರಡು ತಾಳೆಗರಿ ಗ್ರಂಥಗಳನ್ನು ಸಂಪಾದಿಸಿ ಅಚ್ಚು ಹಾಕಿಸಿದವನು, ಪ್ರತಿ ಸಭೆಗೂ ಮುಂಚೆ ಈ ಕೆಲಸ ಮಾಡುತ್ತಾನೆ ಎಂಬುದು ಮನೆಯಲ್ಲಿ ಹೆಂಡತಿ ಸುಮಿತಾಳಿಗೂ ಗೊತ್ತಿರಲಿಲ್ಲ. ಹುಟ್ಟುವಾಗಲೇ ಅವನ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಒಳಗೆ ಅಂಗುಳವೂ ಸೀಳಿತ್ತು. ತುಟಿಯನ್ನು ನಾಲ್ಕನೆಯ ವಯಸ್ಸಿನಲ್ಲಿ, ಅಂಗುಳವನ್ನು ಹನ್ನೊಂದನೆಯ ವಯಸ್ಸಿನಲ್ಲಿ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಹೊಲಿದಿದ್ದರು. ಹೊಲಿಗೆಯ ಗುರುತನ್ನು ಮೀಸೆ ಮುಚ್ಚಿತು. ಮಾತನ್ನು ಮುಚ್ಚಲು ಏನೂ ಇರಲಿಲ್ಲ. 'ಪ' ಎಂದರೆ ತುಟಿಗೆ ಬರಬೇಕಾದ ಗಾಳಿ ಮೂಗಿಗೆ ಹೋಗಿ ಇನ್ನೇನೋ ಆಗಿ ಹೊರಗೆ ಬರುತ್ತಿತ್ತು. ಹಾಗಾಗಿ 'ಪಿಶಾಚಿ' ಎಂದು ಬರೆದಿದ್ದ ಕಡೆಯಲ್ಲೆಲ್ಲ 'ಅಮಾನವ' ಎಂದು ತಿದ್ದಿದ. ಅಮಾನವ, ಅಮಾನವ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಎಲ್ಲೂ ತೊಡಕಿಲ್ಲದೆ ಸಾಗುವ ಶಬ್ದ. 'ಕ್ಷ'ವೂ ಹಾಗೇ ಮೂಗಿಗೆ ಹೋಗುತ್ತಿತ್ತು, ಆದರೆ 'ರಾಕ್ಷಸ' ಎಂಬುದನ್ನು ಏನೂ ಮಾಡುವಂತಿರಲಿಲ್ಲ. ಸಂಕಿರಣದ ಹೆಸರಿನಲ್ಲೇ ಅದು ಇತ್ತು: ಮಧ್ಯಕಾಲೀನ ಕರ್ನಾಟಕದಲ್ಲಿ ವಿಕಾರ, ಭೂತ, ರಾಕ್ಷಸ. ಎರಡು ದಿನಗಳ ವಿಚಾರ ಸಂಕಿರಣ.

ಮಾದಾಪುರ ದಾಟಿದ ಮೇಲೆ ತೋಟಗಳಲ್ಲಿ ಕಾಫಿ ಹೂವಾಗಿತ್ತು. ಯಾರೋ ಸ್ಪ್ರಿಂಕ್ಲರ್ ಹಾಕಿಸಿದ ತೋಟ ಮಾತ್ರ ಬಿಳಿ, ಪಕ್ಕದ್ದು ಹಸಿರು, ನಡುವೆ ಒಂದು ಬೇಲಿ. ಕಿಟಕಿಯಿಂದ ಬಂದ ವಾಸನೆಗೆ ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆ ವಾಸನೆಗೆ ತಲೆನೋವು ಬರುವವರು ಬಹಳ ಜನ. ಇವನಿಗೆ ವಾಸನೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಅದಕ್ಕೂ ಆ ಹೊಲಿಗೆಗೂ ಸಂಬಂಧವಿದೆಯೋ ಏನೋ, ಯಾರನ್ನೂ ಕೇಳಿರಲಿಲ್ಲ. ಸಂಪಾಜೆಯ ಮನೆಯಲ್ಲಿ ಆ ಬಗ್ಗೆ ಮಾತೇ ಇರಲಿಲ್ಲ. ಅಪ್ಪ ತೀರಿಹೋಗುವವರೆಗೂ ಆ ಮಾತನ್ನು ಎತ್ತಲಿಲ್ಲ. ಅವ್ವ ಈಗಲೂ ಎತ್ತುವುದಿಲ್ಲ. ಮಂಗಳೂರಿನ ಬಸ್ಸು ಮನೆಯ ಮುಂದೆ ಹೋದಾಗಲೆಲ್ಲ ಚಿಕ್ಕಂದಿನಲ್ಲಿ ಅವನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ಮಂಗಳೂರು ಎಂದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಬಾಯಿ ತೆರೆಸಿ ಬೆಳಕು ಬಿಟ್ಟು ನೋಡುವ ಏಳೆಂಟು ಮಂದಿ ವಿದ್ಯಾರ್ಥಿಗಳು, ಅವರಲ್ಲಿ ಒಬ್ಬ ಹಿಂದೆ ನಿಂತು ಇಣುಕಲು ಇನ್ನೊಬ್ಬನ ಹೆಗಲು ಹಿಡಿದದ್ದು.

ಕಾಲೇಜಿನ ಗೇಟಿನ ಬಳಿ ನೋಂದಣಿಯ ಮೇಜಿತ್ತು. ಹುಡುಗಿಯೊಬ್ಬಳು ಹೆಸರು ಕೇಳಿದಳು. ಹೇಳಿದ. ಅವಳು ಇನ್ನೊಮ್ಮೆ ಕೇಳಲಿಲ್ಲ. ಮುಖದ ನಗು ಒಂದಿಷ್ಟೂ ಕದಡದಂತೆ ಪೆನ್ನನ್ನು ಅವನ ಕಡೆ ತಿರುಗಿಸಿ, "ನೀವೇ ಬರ್ದುಬಿಡಿ ಸರ್" ಎಂದಳು. ಒಳ್ಳೆಯ ಹುಡುಗಿ. ಒಳ್ಳೆಯವರೇ ಹೀಗೆ ಪೆನ್ನು ಕೊಡುತ್ತಾರೆ. ಬರೆದ. ಅಕ್ಷರ ಮುತ್ತಿನ ಹಾಗಿತ್ತು. ಮಾತಿಗೆ ಬದಲಾಗಿ ಅಕ್ಷರವನ್ನೇ ಕೊಟ್ಟು ಬದುಕಿದವನ ಕೈಬರಹ ಹಾಗಿರದೆ ಇನ್ನು ಹೇಗಿರುತ್ತದೆ ಎಂದುಕೊಂಡು, ಆ ಯೋಚನೆ ಬಂದದ್ದಕ್ಕೇ ನಾಚಿ, ಫೈಲು ಹಿಡಿದು ಒಳಗೆ ಹೋದ.

ಮೊದಲ ಪ್ರಬಂಧ ಮಂಜೇಶನದು. ಹಾಸನದ ಕಡೆಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಈ ತರುಣ ಮಧ್ಯಕಾಲದ ಜನ ದೂರದೇಶದ ಜನರ ಬಗ್ಗೆ ಏನೇನು ನಂಬಿದ್ದರು ಎಂದು ಚಿತ್ರ ಹಾಕಿ ತೋರಿಸುತ್ತಿದ್ದ. ಒಂದೇ ಕಾಲಿನವರು. ನಾಯಿಮುಖದವರು. ಎದೆಯಲ್ಲಿ ಕಣ್ಣಿದ್ದವರು. ಕಿವಿಯನ್ನೇ ಹೊದ್ದು ಮಲಗುವವರು. ಸಭೆ ನಗುತ್ತಿತ್ತು. ನಂತರ ತುಟಿ ಮೂಗಿನವರೆಗೆ ಹರಿದ ಒಬ್ಬನ ರೇಖಾಚಿತ್ರ ಬಂತು, ಹಲ್ಲು ಹೊರಗೆ, ಕೈಯಲ್ಲಿ ಒಂದು ಮೂಳೆ. ಸಭೆ ಅದಕ್ಕೂ ನಕ್ಕಿತು. ಶಶಿಧರನೂ ನಕ್ಕ. ನಕ್ಕಾಗ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಪಕ್ಕದಲ್ಲಿ ಕೂತವರು ಬೇಕೆಂದೇ ತನ್ನನ್ನು ನೋಡುತ್ತಿಲ್ಲ ಎಂಬುದನ್ನು ಅವರ ಕತ್ತು ನೆಟ್ಟಗಾದ ರೀತಿಯಿಂದಲೇ ತಿಳಿದುಕೊಂಡ. ಅಧ್ಯಕ್ಷತೆ ವಹಿಸಿದ್ದವರು ನಿವೃತ್ತ ಪ್ರಾಧ್ಯಾಪಕ ಉತ್ತಯ್ಯ. ಎಪ್ಪತ್ತು ದಾಟಿದವರು, ಕೋಟಿನ ಜೇಬಿನಿಂದ ಗಡಿಯಾರ ತೆಗೆದು ಮೇಜಿನ ಮೇಲಿಟ್ಟುಕೊಂಡು ಕೂತವರು. ಅವರೊಬ್ಬರು ನಗಲಿಲ್ಲ. ಅವರು ಯಾವುದಕ್ಕೂ ನಗುವವರಲ್ಲವಾದ್ದರಿಂದ ಅದರಲ್ಲಿ ಸಮಾಧಾನ ಹುಡುಕುವುದೂ ಸಾಧ್ಯವಿರಲಿಲ್ಲ.

ಕಾಫಿಯ ಬಿಡುವಿನಲ್ಲಿ ಒಬ್ಬ ಹುಡುಗಿ ಅವನನ್ನು ಹುಡುಕಿಕೊಂಡು ಬಂದಳು. "ಸರ್, ನಾನು ಮೋನಿಷಾ. ಊರು ಕುಟ್ಟ. ಮೈಸೂರಲ್ಲಿ ಪಿಎಚ್‌ಡಿ ಮಾಡ್ತಿದೀನಿ. ನಿಮ್ ಪುಸ್ತಕ ಇಲ್ಲದಿದ್ರೆ ನನ್ನ ಥೀಸಿಸ್ಸೇ ಇಲ್ಲ ಸರ್." ಇವನ ಪುಸ್ತಕ ಎಂದರೆ ಉತ್ಪಾತ ಗ್ರಂಥ. ಆಕಾಶದಲ್ಲಿ, ನೀರಿನಲ್ಲಿ, ದನಕರುಗಳಲ್ಲಿ, ಮನುಷ್ಯರ ಹೆರಿಗೆಯಲ್ಲಿ ಏನು ವಿಕಾರ ಕಂಡರೆ ಊರಿಗೆ ಏನು ಕೇಡು ಎಂದು ಪಟ್ಟಿ ಮಾಡಿದ, ಐನೂರು ವರ್ಷ ಹಳೆಯದಿರಬಹುದಾದ ತಾಳೆಗರಿಯ ಕಟ್ಟು. ಸೋಮವಾರಪೇಟೆಯ ಆಚೆ ಸುಲೋಚನಮ್ಮ ಎಂಬುವರ ಮನೆಯ ಅಟ್ಟದಲ್ಲಿದ್ದದ್ದನ್ನು ಹನ್ನೊಂದು ವರ್ಷದ ಹಿಂದೆ ಇವನೇ ಓದಿ, ಪ್ರತಿ ಮಾಡಿ ಪ್ರಕಟಿಸಿದ್ದ. ಮೋನಿಷಾ ಫೋನು ತೆಗೆದು ಒಂದು ಫೋಟೋ ತೋರಿಸಿದಳು. "ಏಳು ತಿಂಗ್ಳ ಹಿಂದೆ ಸುಲೋಚನಮ್ಮನವರ ಮನೆಗೆ ಹೋಗಿದ್ದೆ ಸರ್. ಇದು ಎಪ್ಪತ್ತೆರಡನೇ ಗರಿ. ನಿಮ್ ಪುಸ್ತಕದಲ್ಲಿ ಇಲ್ಲಿ ಗರಿ ಮುರಿದಿದೆ ಅಂತ ಇದೆ. ಆದ್ರೆ ನೋಡಿ, ಮುರಿದಿಲ್ಲ. ಮೂರು ವಾಕ್ಯ ಪೂರ್ತಿ ಇದೆ."

ಫೋಟೋದಲ್ಲಿ ಗರಿ ಕಂದುಬಣ್ಣಕ್ಕೆ ಹೊಳೆಯುತ್ತಿತ್ತು. ಅಂಚಿನಲ್ಲಿ ಒಂದು ಹುಳದ ತೂತು, ಅಷ್ಟೇ. ಇವನು ಅದನ್ನು ಓದಲಿಲ್ಲ. ಓದುವ ಅಗತ್ಯವಿರಲಿಲ್ಲ.

"ನಮ್ ಗೈಡಿಗೆ ತೋರಿಸಿದೆ ಸರ್" ಎಂದಳು ಅವಳು. "ಅವ್ರು ಒಪ್ಪಲಿಲ್ಲ. ಶಶಿಧರ್ ಸರ್ ಅಂಥ ತಪ್ಪು ಮಾಡೋರಲ್ಲ, ಇದು ಯಾರೋ ಆಮೇಲೆ ಸೇರಿಸಿದ ಗರಿ ಇರ್ಬೇಕು ಅಂದ್ರು. ಆ ಅಧ್ಯಾಯನೇ ಹೊಡೆದು ಹಾಕಿದ್ರು. ಆರು ತಿಂಗ್ಳಿಂದ ನಿಂತಿದೆ." ದೂರುವ ದನಿಯಲ್ಲ. ತನಗೇ ಅರ್ಥವಾಗದ ಒಂದು ಗಂಟನ್ನು ಹಿರಿಯರ ಮುಂದೆ ಇಡುವ ದನಿ. ಕೊನೆಗೆ ಅವಳೇ ದಾರಿ ತೋರಿಸಿದಳು. "ಆವಾಗ ಗರಿಗಳು ಅಂಟಿಕೊಂಡಿದ್ವೇನೋ ಅಲ್ವಾ ಸರ್? ಅಟ್ಟದಲ್ಲಿ ಹೊಗೆಗೆ ಅಂಟಿರುತ್ತಲ್ಲ."

"ಹೌದು" ಎಂದ ಶಶಿಧರ. "ಅಂಟಿತ್ತು."

ಅವಳ ಮುಖ ಬಿಚ್ಚಿಕೊಂಡಿತು. ನಿಂತ ಕಡೆಯೇ ಚೀಲದಿಂದ ನೋಟ್‌ಬುಕ್ ತೆಗೆದು, ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬರೆದುಕೊಂಡಳು: ಸಂಪಾದಕರು ಪ್ರತಿ ಮಾಡುವಾಗ ಗರಿಗಳು ಅಂಟಿಕೊಂಡಿದ್ದವು. ಕೆಳಗೆ ತಾರೀಖು. ನಂತರ ಆವರಣದಲ್ಲಿ: ಸ್ವತಃ ತಿಳಿಸಿದ್ದು. "ತುಂಬಾ ಥ್ಯಾಂಕ್ಸ್ ಸರ್. ಮಧ್ಯಾಹ್ನ ನನ್ ಪೇಪರ್ ಇದೆ, ಅದ್ರಲ್ಲೇ ಹೇಳ್ಬಿಡ್ತೀನಿ." ಹೋದಳು. ಸುಳ್ಳು ಹೇಳಿದ್ದಕ್ಕಿಂತ, ಸುಳ್ಳನ್ನು ಅಷ್ಟು ಶ್ರದ್ಧೆಯಿಂದ ತಾರೀಖು ಹಾಕಿ ಬರೆದುಕೊಂಡದ್ದು ಅವನಿಗೆ ನೋಡಲಾಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ಆ ಗರಿ ಓದಿದ ದಿನ ಜನವರಿಯ ಮಧ್ಯಾಹ್ನ. ಸುಲೋಚನಮ್ಮನವರ ಮನೆಯ ಮುಂದೆ ಕಣದಲ್ಲಿ ಕಾಫಿ ಒಣಗುತ್ತಿತ್ತು, ಜಗಲಿಯಲ್ಲಿ ಚಾಪೆ ಹಾಸಿಕೊಟ್ಟಿದ್ದರು. ಗರಿಗೆ ಎಣ್ಣೆ ಸವರಿ, ದೀಪದ ಕಾಡಿಗೆ ತಿಕ್ಕಿ, ಬಟ್ಟೆಯಿಂದ ಒರೆಸಿದರೆ ಕೊರೆದ ಅಕ್ಷರಗಳು ಒಂದೊಂದಾಗಿ ಕಪ್ಪಾಗಿ ಏಳುತ್ತಿದ್ದವು. ಆ ಕೆಲಸದಲ್ಲಿ ಅವನಿಗೆ ಎಂಥ ಸುಖವಿತ್ತು. ಯಾರೂ ಮಾತಾಡಿಸದ, ಯಾರ ಜೊತೆಗೂ ಮಾತಾಡಬೇಕಿಲ್ಲದ ಕೆಲಸ. ಎರಡು ತಲೆಯ ಕರು ಹುಟ್ಟಿದರೆ ಏನು, ಆರು ಬೆರಳಿದ್ದರೆ ಏನು, ಹಲ್ಲು ಮೂಡಿಯೇ ಹುಟ್ಟಿದ ಮಗು ಯಾವ ಕುಲಕ್ಕೆ ಕೇಡು. ಓದುತ್ತಾ ಬರೆದುಕೊಳ್ಳುತ್ತಾ ಎಪ್ಪತ್ತೆರಡಕ್ಕೆ ಬಂದ. ಮೇ, ಲ್ದು, ಟಿ. ಬೆರಳು ನಿಂತಿತು. ಮೇಲ್ದುಟಿ ಸೀಳ್ದು ಪುಟ್ಟಿದ ಶಿಶು ರಾಕ್ಷಸಾಂಶಮಕ್ಕುಂ. ಅದನೂರೊಳಿರಿಸಲಾಗದು. ಅಂಥ ಮಗು ರಾಕ್ಷಸನ ಅಂಶ, ಊರಿನಲ್ಲಿ ಇಟ್ಟುಕೊಳ್ಳಬಾರದು; ಅಷ್ಟನ್ನು ತಡೆದುಕೊಂಡ. ಅಂಥದ್ದು ಎಲ್ಲೋ ಒಂದು ಕಡೆ ಬರೆದಿರುತ್ತದೆ ಎಂದು ಅವನು ಚಿಕ್ಕಂದಿನಿಂದ ಬಲ್ಲವನೇ ಆಗಿದ್ದ. ಮೂರನೆಯ ವಾಕ್ಯ ಮಾತ್ರ ಅವನಿಗೆ ಗೊತ್ತಿರಲಿಲ್ಲ. ಇರಿಸಿದ ತಾಯುಂ ಊರ್ಗೆ ಮಾರಿಯಕ್ಕುಂ. ಆ ಮಗುವನ್ನು ಇಟ್ಟುಕೊಂಡ ತಾಯಿಯೂ ಊರಿಗೆ ಮಾರಿಯಾಗುತ್ತಾಳೆ. ಬಟ್ಟೆಯನ್ನು ಹಿಡಿದ ಕೈ ಅಲ್ಲೇ ಇತ್ತು. ಸಂಪಾಜೆಯಲ್ಲಿ ಅವ್ವ ಮದುವೆ ಮನೆಗಳಿಗೆ ಹೋಗುತ್ತಿರಲಿಲ್ಲ. ಹೆರಿಗೆಯಾದ ಮನೆಗೆ ಹೋಗುತ್ತಿರಲಿಲ್ಲ. ಕೇಳಿದರೆ ಸೊಂಟ ನೋವು ಎನ್ನುತ್ತಿದ್ದಳು. ಮೂವತ್ತೆರಡು ವರ್ಷದ ಹೆಂಗಸಿಗೆ ಸೊಂಟ ನೋವು. ಆಗ ಸುಲೋಚನಮ್ಮ ಕಾಫಿ ತಂದು ಚಾಪೆಯ ಅಂಚಿಗಿಟ್ಟು, "ಅದ್ರಲ್ಲಿ ಏನ್ ಬರ್ದದೆ ಸಾರ್?" ಎಂದು ಕೇಳಿದರು. "ಮುರಿದಿದೆ ಅಮ್ಮ" ಎಂದ. ಅವರು ಅವನ ಕೈಯಲ್ಲಿದ್ದ ಇಡೀ ಗರಿಯನ್ನು ನೋಡಿದರು, ಅವನ ಮುಖವನ್ನು ನೋಡಿದರು. "ಮುರ್ದೋಗಿದ್ರೆ ಹೋಗ್ಲಿ ಬಿಡಿ. ಕಾಫಿ ಆರ್ತದೆ" ಎಂದು ಒಳಗೆ ಹೋದರು. ಅಚ್ಚಾದದ್ದು ಆಮೇಲೆ. ಅಚ್ಚಿನಲ್ಲಿ ಅವನು ಹೊಸದಾಗಿ ಏನೂ ಮಾಡಲಿಲ್ಲ, ಜಗಲಿಯಲ್ಲಿ ಹೇಳಿದ್ದನ್ನೇ ಉಳಿಸಿಕೊಂಡ.

ಅವನ ಹೆಸರು ಕರೆದರು. ವೇದಿಕೆಗೆ ಹೋಗಿ ಮೈಕಿನ ಮುಂದೆ ನಿಂತಾಗ ಎಂದಿನಂತೆ ಮೊದಲ ಎರಡು ನಿಮಿಷ ಸಭೆಗೆ ಅವನ ದನಿ ಒಗ್ಗಲು ಬೇಕಾಯಿತು. ಹಿಂದಿನ ಸಾಲಿನಲ್ಲಿ ವಿದ್ಯಾರ್ಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಧ್ಯಾಪಕಿಯೊಬ್ಬರು ತಿರುಗಿ ಕಣ್ಣುಬಿಟ್ಟರು, ಹುಡುಗರು ತಲೆ ತಗ್ಗಿಸಿದರು. ಅದೆಲ್ಲ ನಡೆಯುವಾಗ ಓದುತ್ತಲೇ ಇರಬೇಕು ಎಂಬುದು ಮೂವತ್ತು ವರ್ಷದ ಪಾಠದ ಕೊಠಡಿ ಕಲಿಸಿದ ವಿದ್ಯೆ. ವಿಕೃತ ಜನನವನ್ನು ಮಧ್ಯಕಾಲದವರು ಒಂದು ರೀತಿಯ ಬರಹವೆಂದು ನೋಡುತ್ತಿದ್ದರು, ದೈವ ಮನುಷ್ಯರ ಮೈಮೇಲೆ ಬರೆದ ಬರಹ, ಅದನ್ನು ಓದಲು ಇಂಥ ಗ್ರಂಥಗಳು ಬೇಕಾದವು ಎಂಬುದು ಅವನ ವಾದ. ವಾದ ಚೆನ್ನಾಗಿತ್ತು. ಉತ್ತಯ್ಯ ಒಮ್ಮೆ ತಲೆ ಆಡಿಸಿ ಏನನ್ನೋ ಬರೆದುಕೊಂಡರು. ಓದುತ್ತಾ ಅವನಿಗೆ ತನ್ನ ವಾದ ಎಷ್ಟು ದೂರದಲ್ಲಿ ನಿಂತು ಮಾತಾಡುತ್ತಿದೆ ಎನಿಸಿತು. ಬೇಲಿಯಾಚೆ ಹೂವಾದ ತೋಟವನ್ನು ಬಸ್ಸಿನಿಂದ ನೋಡಿದ ಹಾಗೆ. ಒಂಬತ್ತನೆಯ ಪುಟದ ಕೆಳಗೆ ಟೈಪಾಗಿತ್ತು: ಎಪ್ಪತ್ತೆರಡನೆಯ ಗರಿ ಇಲ್ಲಿ ಮುರಿದಿದೆ. ಅಲ್ಲಿಗೆ ಬಂದಾಗ ಕಣ್ಣೆತ್ತಿದ. ಮೂರನೆಯ ಸಾಲಿನಲ್ಲಿ ಮೋನಿಷಾ ನೋಟ್‌ಬುಕ್ಕಿನ ಮೇಲೆ ಪೆನ್ನು ಇಟ್ಟುಕೊಂಡು ಕಾಯುತ್ತಿದ್ದಳು. ಬರೆದುಕೊಳ್ಳುವವರ ಮುಖದಲ್ಲಿ ಮಾತ್ರ ಇರುವ ನಂಬಿಕೆ ಅದು. ಯಾವ ಅಧ್ಯಾಪಕನೂ ಅದನ್ನು ಬಯಸುತ್ತಾನೆ. ಇವನಿಗೆ ತರಗತಿಗಳಲ್ಲಿ ಅದು ಅಪರೂಪಕ್ಕೆ ಸಿಕ್ಕಿತ್ತು.

ಪುಟವನ್ನು ಮೇಜಿನ ಮೇಲಿಟ್ಟ. ನೋಡಿಕೊಳ್ಳದೆ ಹೇಳಿದ. ಮೇಲ್ದುಟಿ ಸೀಳ್ದು ಪುಟ್ಟಿದ ಶಿಶು ರಾಕ್ಷಸಾಂಶಮಕ್ಕುಂ. 'ಪುಟ್ಟಿದ' ಎಂಬ ಶಬ್ದವನ್ನು ಅವನು ಬದಲಿಸುವ ಹಾಗಿರಲಿಲ್ಲ. ಅದು ಮೂಗಿನಿಂದಲೇ ಬಂತು. ಅದನೂರೊಳಿರಿಸಲಾಗದು. ಇರಿಸಿದ ತಾಯುಂ ಊರ್ಗೆ ಮಾರಿಯಕ್ಕುಂ. ಹೇಳಿ ಮುಗಿಸಿ, ಅರ್ಥವನ್ನೂ ಹೊಸಗನ್ನಡದಲ್ಲಿ ಒಂದೊಂದಾಗಿ ಹೇಳಿದ. ನಂತರ ಹತ್ತನೆಯ ಪುಟ ತೆಗೆದು ಕೊನೆಯವರೆಗೆ ಓದಿ ಕೂತ.

ಪ್ರಶ್ನೆಯ ಸಮಯದಲ್ಲಿ ಎದ್ದವನು ಮಂಜೇಶ. ಕೈಯಲ್ಲಿ ಇವನ ಪುಸ್ತಕವೇ ಇತ್ತು. "ಸರ್, ಇದ್ರಲ್ಲಿ ಎಪ್ಪತ್ತೆರಡನೇ ಗರಿ ಮುರಿದಿದೆ ಅಂತ ಇದೆಯಲ್ಲ. ಈಗ ಓದಿದ್ರಲ್ಲ, ಅದೆಲ್ಲಿ ಸಿಕ್ತು ನಿಮಗೆ?"

"ಅಲ್ಲೇ ಇತ್ತು" ಎಂದ ಶಶಿಧರ. "ಗರಿ ಮುರಿದಿರಲಿಲ್ಲ. ನಾನೇ ಬಿಟ್ಟೆ."

"ಅಂದ್ರೆ, ಅಂಟಿಕೊಂಡು..."

"ಅಂಟಿರಲೂ ಇಲ್ಲ. ಬೆಳಿಗ್ಗೆ ಇಲ್ಲಿ ಒಬ್ಬರಿಗೆ ಅಂಟಿತ್ತು ಅಂತ ಹೇಳಿದೆ. ಅದು ಸುಳ್ಳು. ನನ್ನ ತುಟಿ ಹಾಗೆ ಇತ್ತು. ಅದಕ್ಕೆ ಬಿಟ್ಟೆ."

ಮಂಜೇಶ ನಿಂತೇ ಇದ್ದ, ಕೂರಬೇಕೋ ಬೇಡವೋ ತಿಳಿಯದೆ. ಅವನ ಮುಖ ಕೆಂಪಾಗಿತ್ತು. ಬೆಳಗಿನ ಚಿತ್ರ ಅವನಿಗೂ ನೆನಪಾಗಿರಬೇಕು. ಸಭೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಇನ್ನು ಯಾರಾದರೂ ಕನಿಕರದ ಮಾತಾಡುತ್ತಾರೆ ಎಂದು ಶಶಿಧರ ಮೈ ಬಿಗಿಹಿಡಿದುಕೊಂಡ. ಹೊಡೆತಕ್ಕಿಂತ ಅದನ್ನು ತಾಳುವುದು ಅವನಿಗೆ ಕಷ್ಟ. ಉತ್ತಯ್ಯ ಮೈಕನ್ನು ತಮ್ಮ ಕಡೆ ಎಳೆದುಕೊಂಡರು.

"ಶಶಿಧರ, ನೀವು ಮಾಡಿದ್ದು ತಪ್ಪು" ಎಂದರು. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಸಂಪಾದಕನಿಗೆ ನೋವಾಯ್ತು ಅಂತ ಗರಿ ಮುರಿಯೋದಿಲ್ಲ. ಹನ್ನೊಂದು ವರ್ಷ ಜನ ನಿಮ್ಮ ಪುಸ್ತಕ ನಂಬಿ ಬರೆದಿದ್ದಾರೆ. ನಾನೂ ಬರೆದಿದ್ದೇನೆ. ತಿದ್ದುಪಡಿ ಬರೆದುಕೊಡಿ, ಸಂಕಿರಣದ ಪುಸ್ತಕದಲ್ಲಿ ಮೊದಲು ಅದನ್ನೇ ಹಾಕೋಣ. ಇನ್ನು ಯಾರಿಗಾದರೂ ಪ್ರಶ್ನೆ ಉಂಟಾ? ಮಂಜೇಶ್, ನೀವು ಕೂತ್ಕೊಳ್ಳಿ."

ಬಿಗಿದದ್ದು ಸಡಿಲವಾಯಿತು. ಯಾರೋ ಮೊದಲ ಬಾರಿಗೆ ತನ್ನ ತಪ್ಪನ್ನು ತನ್ನ ಮುಖದಿಂದ ಬೇರೆ ಮಾಡಿ ನೋಡಿದರು ಎನಿಸಿ, ಬಯ್ಯಿಸಿಕೊಂಡವನಿಗೆ ಬರಬಾರದಂಥ ಒಂದು ಹಗುರ ಬಂತು. ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಊಟಕ್ಕೆ ಎದ್ದಾಗ ಬಾಗಿಲಲ್ಲಿ ಮೋನಿಷಾ ನಿಂತಿದ್ದಳು.

"ಬೆಳಿಗ್ಗೆ ಯಾಕ್ ಸರ್ ಹಾಗಂದ್ರಿ?"

"ನೀವೇ ದಾರಿ ಕೊಟ್ರಿ. ತಗೊಂಡೆ."

"ನಾನು ಆ ಗರಿ ಇಟ್ಕೊಂಡು ಆರು ತಿಂಗ್ಳು ಓಡಾಡಿದೀನಿ ಸರ್. ನನಗೇ ಓದಕ್ಕೆ ಬರಲ್ವೇನೋ ಅನ್ಕೊಂಡಿದ್ದೆ. ನನ್ ಕಣ್ಣೇ ಸರಿ ಇಲ್ಲ ಅನ್ಕೊಂಡಿದ್ದೆ." ಅವಳ ಕಣ್ಣಿನಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. "ನಿಮಗೆ ಆಗಿದ್ದು ನನಗೆ ಅರ್ಥ ಆಗುತ್ತೆ. ಆದ್ರೂ ನನಗೆ ಸಿಟ್ಟು ಬಂದಿದೆ."

"ಬರ್ಬೇಕು" ಎಂದ. "ನಿಮ್ಮ ಗೈಡಿಗೆ ನಾನು ಇವತ್ತೇ ಕಾಗದ ಬರೀತೀನಿ."

"ಕಾಗದ ಬೇಡ ಸರ್, ಫೋನ್ ಮಾಡಿ. ನಿಮ್ ಬಾಯಿಂದಾನೇ ಕೇಳ್ಲಿ ಅವ್ರು." ಹೇಳಿದ ಮೇಲೆ ತಾನು ಆಡಿದ ಮಾತು ಎಲ್ಲಿ ತಾಗಿತು ಎಂದು ಅವಳಿಗೆ ಹೊಳೆಯಿತು; ಆದರೆ ಹಿಂತೆಗೆದುಕೊಳ್ಳಲಿಲ್ಲ. ಅವನಿಗೆ ಅದು ಇಷ್ಟವಾಯಿತು. "ಮಾಡ್ತೀನಿ" ಎಂದ. ಅವಳು ನಂಬರು ಹೇಳಿದಳು, ಅವನು ಫೋನಿನಲ್ಲಿ ಒತ್ತಿಕೊಂಡ.

ಊಟ ಸಭಾಂಗಣದ ಹಿಂದಿನ ಶೆಡ್ಡಿನಲ್ಲಿ. ಸಾಲಿನಲ್ಲಿ ನಿಂತು ತಟ್ಟೆ ಹಿಡಿದಾಗ ಮುಂದಿದ್ದ ಇಬ್ಬರು ಅಧ್ಯಾಪಕರು ಅವನಿಗೆ ಜಾಗ ಬಿಟ್ಟುಕೊಟ್ಟರು. ಕಾಯಿಲೆಯವರಿಗೆ ಬಿಡುವ ಹಾಗೆ. ಬೇಡ ಎನ್ನದೆ ಮುಂದೆ ಹೋದ. ಅನ್ನ, ಕುಂಬಳಕಾಯಿ ಹುಳಿ, ಹಪ್ಪಳ. ಗೋಡೆಯ ಪಕ್ಕದ ಬೆಂಚಿನಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದಾಗ ಬಡಿಸುತ್ತಿದ್ದ ಹೆಂಗಸು ಮಜ್ಜಿಗೆಯ ಪಾತ್ರೆ ಹಿಡಿದು ಬಂದಳು. ಮಜ್ಜಿಗೆ ಹಾಕಿಯೂ ಹೋಗಲಿಲ್ಲ. ಐವತ್ತರ ಹತ್ತಿರದವಳು, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

"ಸಾರ್, ಒಂದ್ ಮಾತು ಕೇಳ್ಬೋದಾ? ನಾನು ವನಜಮ್ಮ ಅಂತ. ಇಲ್ಲೇ ಅಡಿಗೆ ಕೆಲ್ಸಕ್ಕೆ ಬರ್ತೀನಿ." ಶೆಡ್ಡಿನ ಮೂಲೆಯಲ್ಲಿ ಕಟ್ಟಿದ್ದ ಸ್ಪೀಕರನ್ನು ಗಲ್ಲದಿಂದ ತೋರಿಸಿದಳು. "ನೀವು ಮಾತಾಡಿದ್ದು ಇಲ್ಲಿಗೆ ಕೇಳ್ತಿತ್ತು. ಹಳೇ ಕನ್ನಡ ತಿಳೀಲಿಲ್ಲ. ತುಟಿ ಹಂಗಿತ್ತು ಅಂದ್ರಲ್ಲ, ಅದು ತಿಳೀತು."

ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

"ನನ್ ಮಗ್ಳಿಗೆ ಮಗು ಆಗಿ ಹನ್ನೊಂದು ದಿನ ಸಾರ್. ಹೆಣ್ಣು. ಅದಕ್ಕೂ ಹಂಗೇ ಅದೆ. ಡಾಕ್ಟ್ರು ಮೂರು ತಿಂಗ್ಳಿಗೆ ಹೊಲೀತೀವಿ, ಅಷ್ಟರಲ್ಲಿ ತೂಕ ಏರಿಸಿ ಅಂದವ್ರೆ. ಏರ್ಬೇಕಲ್ಲ. ಹಾಲು ಹಾಕಿದ್ರೆ ಅರ್ಧ ಮೂಗಲ್ಲಿ ಬತ್ತದೆ. ನರ್ಸಮ್ಮ ಸ್ಪೂನಲ್ಲಿ ತೋರ್ಸಿಕೊಟ್ರು, ಮಗ್ಳ ಕೈ ನಡುಗ್ತದೆ, ಅದು ಕೆಮ್ಮಿ ನೀಲಿ ಆಗ್ತದೆ." ಮಜ್ಜಿಗೆಯ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ನಿಮ್ ತಾಯಿ ಹೆಂಗ್ ಕುಡಿಸಿದ್ರು ಸಾರ್?"

ಅವನಿಗೆ ಗೊತ್ತಿರಲಿಲ್ಲ. ಹದಿನೈದನೆಯ ಶತಮಾನದಲ್ಲಿ ಅಂಥ ಮಗುವಿನ ಬಗ್ಗೆ ಯಾರು ಏನು ಬರೆದರು, ಯಾವ ಕಬ್ಬಿಣದ ಕಂಟದ ಮೊನೆಯಿಂದ ಕೊರೆದರು, ಯಾವ ಅಕ್ಷರ ಎಷ್ಟು ಬಾಗಿದೆ ಎಂದು ಹೇಳಬಲ್ಲವನಾಗಿದ್ದ. ತಾನು ಬದುಕಿದ ಆ ಮೊದಲ ತಿಂಗಳುಗಳ ಬಗ್ಗೆ ಒಂದು ಮಾತೂ ಅವನ ಹತ್ತಿರ ಇರಲಿಲ್ಲ. "ಗೊತ್ತಿಲ್ಲ" ಎಂದ.

"ಅವ್ರು ಇದ್ದಾರಾ ಸಾರ್?"

"ಇದ್ದಾರೆ. ಸಂಪಾಜೆಯಲ್ಲಿ, ತಂಗಿ ಮನೇಲಿ."

"ಮತ್ತೆ ಕೇಳಿ ಸಾರ್" ಎಂದಳು ವನಜಮ್ಮ, ಅಂಗಡಿಯಲ್ಲಿ ಉಪ್ಪು ಇದೆಯೇ ಎಂದು ಕೇಳಿ ಬನ್ನಿ ಎನ್ನುವ ಹಾಗೆ.

ಕೈ ತೊಳೆದು, ಶೆಡ್ಡಿನ ಹೊರಗೆ ನಲ್ಲಿಯ ಹತ್ತಿರ ನಿಂತು ಫೋನು ಮಾಡಿದ. ತಂಗಿ ಎತ್ತಿ ಅವ್ವನಿಗೆ ಕೊಟ್ಟಳು. ಹಿಂದೆ ಟೀವಿ ಓಡುತ್ತಿತ್ತು. ಮಾತು ಸಂಪಾಜೆ ಕಡೆಯ ಮನೆಮಾತಿನಲ್ಲಿ ನಡೆಯಿತು.

"ಎಂತ ಶಶಿ, ಈ ಹೊತ್ತಿಗೆ? ಊಟ ಆತಾ?"

"ಆತ್ ಅವ್ವ. ಒಂದ್ ಕೇಳಿಕೆ ಇತ್ತ್."

"ಎಂತ?"

"ನಾ ಕೂಸಾಗಿತ್ತಲ, ಆಗ ನಂಗೆ ಹಾಲ್ ಹೆಂಗೆ ಕುಡ್ಸಿದ್ದ್?"

ಟೀವಿಯ ಸದ್ದು ನಿಂತಿತು. ಅವಳೇ ನಿಲ್ಲಿಸಿದಳೋ, ತಂಗಿಗೆ ಹೇಳಿದಳೋ. "ಎಂತಕ್ಕೆ ಕೇಳ್ದು?" ಎಂದಳು. ಎಪ್ಪತ್ತೆಂಟರ ದನಿ ಒಮ್ಮೆಗೇ ಎಚ್ಚರವಾಗಿತ್ತು.

"ಇಲ್ಲಿ ಒಂದ್ ಕೂಸಿಗೆ ನನ್ನಂಗೆ ಉಟ್ಟು ಅವ್ವ. ಹಾಲ್ ಇಳಿತಿಲ್ಲೆ. ಅದರ ಅಜ್ಜಿ ಇಲ್ಲೇ ಒಳ." 'ನನ್ನಂಗೆ' ಎಂಬುದು ಬಾಯಿಂದ ಬಂದದ್ದು ಅವನಿಗೇ ಆಮೇಲೆ ಗೊತ್ತಾಯಿತು. ಸ್ಪೀಕರ್ ಒತ್ತಿ, ಪಕ್ಕಕ್ಕೆ ಬಂದು ನಿಂತಿದ್ದ ವನಜಮ್ಮನಿಗೂ ಕೇಳುವಂತೆ ಫೋನನ್ನು ಇಬ್ಬರ ನಡುವೆ ಹಿಡಿದ.

"ಮಲಗ್ಸಿ ಕುಡ್ಸಿಕೆ ಆಗ" ಎಂದಳು ಅವ್ವ. ಹುಡುಕಬೇಕಾಗಲೇ ಇಲ್ಲ, ನಿನ್ನೆ ಮಾಡಿದ ಕೆಲಸದ ಹಾಗೆ ಹೇಳುತ್ತಾ ಹೋದಳು. "ಎತ್ತಿ ಕೂರ್ಸೊಕು. ತಲೆ ನಿಮ್ಮ ಎದೆಗೆ ತಾಗಿ ಇರೊಕು. ಒಳಲೆಲಿ ಕುಡ್ಸೊಕು, ಒಳಲೆ ಇಲ್ಲರೆ ಸಣ್ಣ ಚಮ್ಚ. ನಡು ಬಾಯಿಗೆ ಹೊಯ್ಯಬೇಡಿ, ಕೆನ್ನೆ ಬದಿಗೆ ಬಿಡಿ. ಒಂದ್ ಗುಟುಕು ನುಂಗುವವರೆಗೆ ಇನ್ನೊಂದ್ ಬೇಡ. ಒಂದ್ ಸಲಕ್ಕೆ ಒಂದ್ ಗಂಟೆ ಹಿಡ್ದದೆ. ಹಿಡೀಲಿ. ಕೈ ನಡುಗುವವು ಕುಡ್ಸಿಕೆ ಹೋಬೇಡಿ, ಅದಕ್ಕೆ ಗೊತ್ತಾದೆ. ನೀವೇ ಕುಡ್ಸಿ."

"ಆಯ್ತಮ್ಮ" ಎಂದಳು ವನಜಮ್ಮ. ಫೋನಿಗೆ ತೀರ ಹತ್ತಿರ ಬಾಗಿದ್ದಳು.

"ಹೆಸ್ರ್ ಎಂತ?"

"ಯಾರ್ದು ಅಮ್ಮ?"

"ಕೂಸಿದ್."

ವನಜಮ್ಮ ಶಶಿಧರನ ಮುಖ ನೋಡಿದಳು. "ಇನ್ನೂ ಇಟ್ಟಿಲ್ಲಮ್ಮ. ಅಳಿಯನ ಮನೆಯೋರು ಬರ್ಲಿಲ್ಲ. ಆಪ್ರೇಷನ್ ಆಗ್ಲಿ ಆಮೇಲೆ ಇಡಾನ ಅಂತ..."

"ಹಂಗೆ ಮಾಡ್ಬೇಡಿ" ಎಂದಳು ಅವ್ವ. "ಇವತ್ತೇ ಇಡಿ. ಹೆಸ್ರ್ ಕರ್ದ್ ಕುಡ್ಸಿ. ಕರ್ದರೆ ಮುಖ ಎತ್ತಿದೆ, ಮುಖ ಎತ್ತಿರೆ ಹಾಲ್ ಸರೀ ಇಳ್ದದೆ." ಹಾಗೆಯೇ ಮುಂದುವರಿಸಿದಳು, "ಇವಂಗೂ ಯಾರೂ ಇಟ್ಟಿತ್ಲೆ. ಹತ್ತೊಂಬತ್ತು ದಿನ ನೋಡ್ದೆ. ಮತ್ತೆ ಅಡಿಗೆ ಮನೆಲಿ ಕೂತ್ಕಂಡ್ ನಾನೇ ಇಟ್ಟದ್, ಶಶಿಧರ ಹೇಳಿ. ಇವನ ಅಪ್ಪಂಗೂ ಇಟ್ಟ ಮತ್ತೆನೇ ಹೇಳ್ದ್."

ಶಶಿಧರ ನಲ್ಲಿಯನ್ನು ನೋಡುತ್ತಿದ್ದ. ಯಾರೋ ಸರಿಯಾಗಿ ತಿರುಗಿಸದೆ ಬಿಟ್ಟಿದ್ದರು. ಕೈ ಚಾಚಿ ಅದನ್ನು ತಿರುಗಿಸಿದ. ಅವ್ವ ಈಗ ಮಾತಾಡುತ್ತಿದ್ದುದು ಅವನ ಜೊತೆಗಲ್ಲ. "ನಿಮ್ಮ ಮಗ ಕೆಮ್ಮಿದ್ರೆ ಏನ್ ಮಾಡ್ತಿದ್ರಿ ಅಮ್ಮ?" ಎಂದು ವನಜಮ್ಮ ಕೇಳಿದಳು, ಅವ್ವ ಹೇಳತೊಡಗಿದಳು. ವನಜಮ್ಮ ಫೋನಿಗೆ ಕೈ ಚಾಚಿದಳು. ಅವನು ಕೊಟ್ಟ.

ಒಳಗೆ ಮಧ್ಯಾಹ್ನದ ಗೋಷ್ಠಿಗೆ ಕರೆಯುತ್ತಿದ್ದರು. ಮೊದಲ ಹೆಸರು ಮೋನಿಷಾಳದು. ಅವನು ಅಲ್ಲಿ ಇರಬೇಕಿತ್ತು. ಅವಳು ಏನು ಹೇಳಿದರೂ ಮುಂದಿನ ಸಾಲಿನಲ್ಲಿ ಕೂತು ಕೇಳಬೇಕಿತ್ತು. ಫೋನು ಅಲ್ಲೇ ಇರಲಿ ಎಂದು ಕೈಸನ್ನೆ ಮಾಡಿ ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ವನಜಮ್ಮ ನೀರಿನ ಕಟ್ಟೆಯ ಮೇಲೆ ಕೂತಿದ್ದಳು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಎಡಗೈಯನ್ನು ಮಡಿಸಿ, ಅಲ್ಲಿ ಇಲ್ಲದ ಮಗುವಿನ ತಲೆಯನ್ನು ಎದೆಗೆ ತಾಗಿಸಿಕೊಂಡು, ಇನ್ನಷ್ಟು ಮೇಲೆ ಎತ್ತಿ, "ಹೀಗಾ ಅಮ್ಮ?" ಎಂದು ಕೇಳುತ್ತಿದ್ದಳು.